ಕಾವಲು ಬಂಜರಲ್ಲ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ಪೂರ್ವಚರಿತ್ರೆಯನ್ನು ಕುರಿತು ಈಚೆಗೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮಾತುಗಳು ಕೇಳಿಬರುತ್ತಿರುವುದು ಸಂತೋಷಕರವಾದ ವಿಷಯವೇ ಸರಿ. ಆದರೆ ಆ ಮಾತುಗಳಲ್ಲಿ ಅಮೃತಮಹಲಿನ ಪ್ರಸ್ತಾಪ ಬಂದಾಗಲೆಲ್ಲ ಮೂರು ಅಭಿಪ್ರಾಯಗಳು ಒಂದರ ಬೆನ್ನಿಗೊಂದು ತಲೆದೋರುತ್ತಿವೆ. ಆ ಗೋಸಂಪತ್ತು ಇಂಥ ಒಬ್ಬ ಅರಸನ ಕೀರ್ತಿ, ಮಿಕ್ಕವರದಲ್ಲ ಎಂಬುದು ಮೊದಲನೆಯದು. ಆ ರಾಸುಗಳಿಗೆಂದು ಬಿಟ್ಟಿದ್ದ ಕಾವಲುಗಳು ಉಪಯೋಗವಿಲ್ಲದ ಬಂಜರು ಭೂಮಿಗಳು ಎಂಬುದು ಎರಡನೆಯದು. ಯಂತ್ರಗಳ ಈ ಕಾಲದಲ್ಲಿ ಅಂಥ ಎತ್ತುಗಳಿಂದ ಆಗಬೇಕಾದ ಕಾರ್ಯವೇನೂ ಇಲ್ಲ ಎಂಬುದು ಮೂರನೆಯದು. ಈ ಮೂರೂ ತಪ್ಪು. ಮೂರೂ ಸೇರಿ ನಮ್ಮ ಊರುಗಳಿಗೆ ಮಾಡುತ್ತಿರುವ ಹಾನಿಯು ಅಲ್ಪವಾದುದಲ್ಲ. ಪೂರ್ವಪಕ್ಷವನ್ನು ಮುಂದಿಟ್ಟು ಅದಕ್ಕೆ ಸಮಾಧಾನವನ್ನು ಹೇಳುವುದು ನಮ್ಮ ಪಾಠಶಾಲೆಗಳ ಹಳೆಯ ಪದ್ಧತಿ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸುತ್ತೇನೆ.

ಮೊದಲನೆಯ ಪಕ್ಷವನ್ನು ನೋಡೋಣ. ಒಬ್ಬರು ಹೇಳುವರು: ‘ಇದು ಒಡೆಯರ ಮನೆತನದ ಸ್ವತ್ತು, ಚಿಕ್ಕದೇವರಾಜ ಒಡೆಯರು ಕಟ್ಟಿದ ಬೆಣ್ಣೆಚಾವಡಿಯೇ ಇದರ ಮೂಲ.’ ಮತ್ತೊಬ್ಬರು ಹೇಳುವರು: ‘ಅಮೃತಮಹಲೆಂಬ ಹೆಸರನ್ನಿಟ್ಟವನು ಟಿಪ್ಪು, ಕೀರ್ತಿ ಅವನದು.’ ಮೂರನೆಯವರು ಆಂಗ್ಲರ ಸೈನ್ಯಾಧಿಕಾರಿಗಳನ್ನು ಹೊಗಳುವರು. ಈ ವಾದವು ಇಂದು ಚರಿತ್ರೆಯನ್ನು ಬಿಟ್ಟು ಮತದ್ವೇಷದ ಹಾದಿಯನ್ನು ಹಿಡಿಯುತ್ತಿರುವುದು ಶೋಚನೀಯ. ಗೋವುಗಳಿಗೆ ಇಲ್ಲದ ಜಾತಿಕಲಹವನ್ನು ಅವುಗಳ ಹೆಸರಿನಲ್ಲಿ ನಾವು ನಡೆಸಬೇಕೆ?

ನಡೆದ ಸಂಗತಿ ಹೀಗಿದೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಅವರಲ್ಲಿ ಹಳ್ಳಿಕಾರ ತಳಿಯ ರಾಸುಗಳ ಒಂದು ಕರುಹಟ್ಟಿ ಇದ್ದಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಪಟ್ಟಣದೊಡನೆ ಆ ಮಂದೆಯೂ ಮೈಸೂರಿನ ಅರಸುಮನೆಗೆ ಸೇರಿತು. ಅನಂತರ ಬಂದ ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಅದನ್ನು ಬೆಳೆಸಿ ಮೇವಿನ ಕಾವಲುಗಳನ್ನು ಗೊತ್ತುಮಾಡಿದರು. ೧೬೭೩ರಿಂದ ೧೭೦೪ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇದನ್ನು ಕ್ರಮವಾದ ಇಲಾಖೆಯನ್ನಾಗಿ ಮಾಡಿ ಬೆಣ್ಣೆಚಾವಡಿಯೆಂದು ಕರೆದರು. ಹಾಲುಬೆಣ್ಣೆಗಳ ಈ ಚಾವಡಿಯನ್ನು ಯುದ್ಧದ ಬೆನ್ನೆಲುಬನ್ನಾಗಿ ಮಾಡಿದವನು ಹೈದರಾಲಿ. ಪಾಳೆಯಗಾರರನ್ನು ಗೆದ್ದಲ್ಲೆಲ್ಲ ಅವರ ಉತ್ತಮ ರಾಸುಗಳನ್ನು ತನ್ನ ಮಂದೆಗೆ ಸೇರಿಸಿದನು. ಅವನಲ್ಲಿ ಅರುವತ್ತು ಸಾವಿರ ಎತ್ತುಗಳಿದ್ದುವೆಂದು ಪ್ರತೀತಿ. ಟಿಪ್ಪುವು ಹಾಗಲವಾಡಿಯ ರಾಸುಗಳನ್ನು ಕೂಡಿಸಿ, ಅಮೃತಮಹಲೆಂದು ಹೆಸರಿಟ್ಟು, ಮಂದೆಗಳ ಪೋಷಣೆಗೆ ಒಂದು ಹುಕುಂನಾಮೆಯನ್ನು ಹೊರಡಿಸಿದನು. ಅವನು ಅಳಿದ ಮೇಲೆಯೂ ಇಲಾಖೆಯನ್ನು ನಡೆಸಿದವರು ಆ ಕಟ್ಟಳೆಗಳನ್ನೇ ಬಹುವಾಗಿ ಅನುಸರಿಸಿದರು.

ಹೆಸರನ್ನೇ ವಿಚಾರಮಾಡಿರಿ. ‘ಬೆಣ್ಣೆ’ ಎಂಬುದು ಅಚ್ಚ ಕನ್ನಡ. ‘ಅಮೃತ’ವು ಸಂಸ್ಕೃತ. ‘ಮಹಲ್’ ಅರಬ್ಬೀ ಮೂಲದ್ದು, ಸ್ಥಾನವೆಂಬ ಅರ್ಥವುಳ್ಳದ್ದು. ‘ಕಾವಲು’ ಕಾಯುವುದರಿಂದ ಬಂದ ನಮ್ಮ ಮಾತು. ‘ದರೋಗ’ ಪಾರಸಿಕ ರಾಜ್ಯಭಾರದ ಮಾತು. ಈ ನಾಲ್ಕು ಭಾಷೆಗಳೂ ಒಂದೇ ಮಂದೆಯ ಹಿಂದೆ ನಡೆದುವು. ಇದರಲ್ಲಿ ಒಂದನ್ನು ಕಿತ್ತು ಒಂದನ್ನು ಉಳಿಸುವೆನೆನ್ನುವವನು ಆ ಮಂದೆಯ ಚರಿತ್ರೆಯನ್ನೇ ಅರಿಯನು. ಒಬ್ಬನು ಹಟ್ಟಿಯನ್ನು ಕಟ್ಟಿದನು, ಒಬ್ಬನು ಚಾವಡಿಯನ್ನಿಟ್ಟನು, ಒಬ್ಬನು ಸಂಖ್ಯೆಯನ್ನು ಹೆಚ್ಚಿಸಿದನು, ಒಬ್ಬನು ಕಟ್ಟಳೆಯನ್ನು ಬರೆಸಿದನು. ಇವರಲ್ಲಿ ಯಾರನ್ನು ಬಿಟ್ಟರೂ ಕಥೆ ಮುಂದೆ ಸಾಗದು.

ಆ ಎತ್ತುಗಳು ಮಾಡಿದ ಕಾರ್ಯವೇನು? ೧೭೮೧ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಈ ಎತ್ತುಗಳ ಬಲದಿಂದ. ೧೭೮೩ರಲ್ಲಿ ಟಿಪ್ಪುವು ಪೂರ್ವದಿಂದ ಪಶ್ಚಿಮಕ್ಕೆ ನಾಡನ್ನು ದಾಟಿ ಬಿದನೂರನ್ನು ಮತ್ತೆ ಪಡೆದುದೂ, ೧೭೯೦ರಲ್ಲಿ ಜನರಲ್ ಮೆಡೋಸನ ಸೈನ್ಯದ ಮುಂದೆ ಎರಡು ದಿನಗಳಲ್ಲಿ ಅರುವತ್ತಮೂರು ಮೈಲಿ ಸರಿದುದೂ ಇವುಗಳಿಂದಲೇ. ಸೋತ ಯುದ್ಧದಲ್ಲಿ ಸಹ ತೋಪುಗಳನ್ನು ಶತ್ರುವಿನ ಕಣ್ಣೆದುರಿಗೇ ಎಳೆದುಕೊಂಡು ಹೋಗುವ ಎತ್ತು ಬೇರೆಲ್ಲಿಯೂ ಇರಲಿಲ್ಲ. ಅನಂತರ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಸೇನಾಪತಿಯು ಸ್ಪೇನ್ ಪೋರ್ಚುಗಲ್ ದೇಶಗಳ ಯುದ್ಧದಲ್ಲಿ ಈ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲಾ ಎಂದು ಮರುಗಿದನೆಂದು ಗೆಜೆಟಿಯರುಗಳು ಹೇಳುತ್ತವೆ.

ಸರಿ, ಆದರೆ ಆ ಎತ್ತುಗಳನ್ನು ಸಾಕಿದವರಾರು? ಸೇನಾಪತಿಗಳ ಹೆಸರು ನಮಗೆ ಕಂಠಪಾಠವಾಗಿದೆ. ಅರಸರ ವಂಶಾವಳಿ ಗೋಡೆಗಳ ಮೇಲಿದೆ. ಬೇಸಗೆಯಲ್ಲಿ ಕೆರೆಯಂಗಳದ ಹಸುರಿಗೂ ಮಳೆಗಾಲದಲ್ಲಿ ಬಯಲಿಗೂ ಚಳಿಗಾಲದಲ್ಲಿ ಮತ್ತೊಂದು ಕಾವಲಿಗೂ ಮಂದೆಯನ್ನು ನಡೆಸಿ, ಹುಲಿ ಚಿರತೆಗಳ ಹೆದರಿಕೆಯಲ್ಲಿ ಬೆಂಕಿ ಹಾಕಿಕೊಂಡು ಇರುಳು ಕಳೆದ ಸೇರ್ವೆಗಾರನ ಹೆಸರಾಗಲಿ, ಗೊಲ್ಲನ ಹೆಸರಾಗಲಿ, ಹಳ್ಳಿಕಾರನ ಹೆಸರಾಗಲಿ ನಮ್ಮ ಯಾವ ಪುಸ್ತಕದಲ್ಲಿದೆ? ತಾಯಿಯ ಹಾಲು ಕಡಮೆಯಾದ ಕರುವನ್ನು ಗುರುತಿಸುವುದು, ಬೀಜದ ಹೋರಿಯನ್ನು ಆರಿಸುವುದು, ಕಾಡಿನ ಮೃಗದಂತೆ ಬೆಳೆದ ಹೋರಿಗರುವನ್ನು ಬೆದರಿಸದೆ ನೊಗಕ್ಕೆ ಬಾಗಿಸುವುದು ಇವೆಲ್ಲ ವಿದ್ಯೆಗಳಲ್ಲವೆ? ಬರೆಹವಿಲ್ಲದ ಮಾತ್ರಕ್ಕೆ ವಿದ್ಯೆಯು ವಿದ್ಯೆಯಲ್ಲವೆಂದು ಹೇಳುವುದು ಪಂಡಿತರಿಗೆ ಶೋಭಿಸುವ ಮಾತಲ್ಲ. ವೇದವನ್ನೇ ಬಹುಕಾಲ ಬಾಯಿಂದ ಬಾಯಿಗೆ ಕಾಪಾಡಿದ ದೇಶವಿದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಹೆಚ್ಚು ನ್ಯಾಯವಂತರಾಗಿದ್ದರು. ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಯಿಂದ ಎತ್ತಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಯನ್ನು ಕುರಿತು ಒಂದು ಅಧ್ಯಾಯವೇ ಇದೆ. ನೂರು ನೂರು ಹಸುಗಳಿಗೆ ಕಾಯುವವನು, ಕರೆಯುವವನು, ಕಡೆಯುವವನು, ಮೃಗಭಯವನ್ನು ತಪ್ಪಿಸುವ ಬೇಡನು ಎಂದು ಬೇರೆ ಬೇರೆಯಾಗಿ ಆಳುಗಳನ್ನು ಎಣಿಸಿ, ಅವರಿಗೆ ಹಣದ ರೂಪದಲ್ಲಿಯೇ ಸಂಬಳ ಸಲ್ಲಬೇಕೆಂದು ಅಲ್ಲಿ ವಿಧಿಸಿದೆ. ಕಾರಣವನ್ನೂ ಹೇಳಿದೆ: ಹಾಲುತುಪ್ಪಗಳೇ ಕೂಲಿಯಾದರೆ ಅವರು ಕರುಗಳ ಬಾಯಿಗೆ ಹಾಲುಳಿಸರು. ರಾಜನೀತಿಯ ಗ್ರಂಥವೊಂದು ಕರುವಿನ ಹಸಿವನ್ನೂ ಆಳಿನ ಹಸಿವನ್ನೂ ಒಂದೇ ವಾಕ್ಯದಲ್ಲಿ ತೂಗಿರುವುದನ್ನು ವಾಚಕರು ಗಮನಿಸಬೇಕು.

ಇನ್ನು ನಮ್ಮ ಹುಣಸೂರಿನ ಮಾತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳ ಪಾಲನೆ ಕೆಲಕಾಲ ಅರಸರ ಕೈಯಲ್ಲಿತ್ತು. ರಾಸುಗಳು ಕ್ಷೀಣಿಸಿದುವೆಂಬ ಕಾರಣದಿಂದ ೧೮೧೩ರಲ್ಲಿ ಮದರಾಸಿನ ಸೈನ್ಯಾಧಿಕಾರಿಗಳು ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಹುಣಸೂರು ಅದರ ಮುಖ್ಯಸ್ಥಾನವಾಯಿತು. ಕೊಡಗಿನ ಗಡಿಗೂ ವಯನಾಡಿನ ಕಾಡಿಗೂ ಹತ್ತಿರವಾದ, ಲಕ್ಷ್ಮಣತೀರ್ಥದ ನೀರುಳ್ಳ ಈ ಊರಿನಲ್ಲಿ ಕಂಪೆನಿಯವರು ತೊಗಲು ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ಗಾಡಿ ಕಟ್ಟುವ ಶಾಲೆಯನ್ನೂ ಮರದ ಕೋಠಿಯನ್ನೂ ನಡೆಸಿದರು. ಎತ್ತು ಒಂದಾದರೆ ಅದರ ಸುತ್ತ ಎಷ್ಟು ಕೈಗಳು! ಮರವನ್ನು ಕೊಯ್ಯುವವನು, ಗಾಲಿಗೆ ಪಟ್ಟಿಯನ್ನು ತೊಡಿಸುವ ಕಮ್ಮಾರನು, ಮಿಣಿಹಗ್ಗವನ್ನು ಹೊಸೆಯುವವನು, ತೊಗಲನ್ನು ಹದಮಾಡುವವನು, ಕಂಬಳಿಯನ್ನು ನೇಯುವ ಕುರುಬನು, ಲಾಳ ಕಟ್ಟುವವನು. ೧೮೬೪ರಲ್ಲಿ ಆ ಕಾರ್ಖಾನೆಗಳನ್ನು ಮುಚ್ಚಿದರು. ಆದರೂ ಗಾಡಿಯ ಕೆಲಸವೂ ತೊಗಲಿನ ಕೆಲಸವೂ ಕಂಬಳಿಯೂ ಈ ಊರಿನ ಜನರ ಕೈಯಲ್ಲಿ ಅನಂತರವೂ ಉಳಿದುವು. ಅಧಿಕಾರಿಗಳು ಹೊರಟುಹೋದರು, ಕಸಬು ನಿಂತಿತು. ಒಂದು ಸಂಸ್ಥೆಯ ನಿಜವಾದ ಒಡೆಯರು ಯಾರೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಸಾಕ್ಷಿ ಬೇಕೆ?

ಆದಕಾರಣ ಮೊದಲನೆಯ ಪಕ್ಷಕ್ಕೆ ನನ್ನ ಉತ್ತರವಿಷ್ಟು: ಮಂದೆಯು ಅರಸುಮನೆಯ ಹೆಸರಿನಲ್ಲಿತ್ತು, ಕಂಪೆನಿಯ ಲೆಕ್ಕದಲ್ಲಿತ್ತು, ಸರ್ಕಾರದ ದಫ್ತರದಲ್ಲಿದೆ. ಆದರೆ ಅದು ಬದುಕಿದ್ದುದು ಗೊಲ್ಲ, ಹಳ್ಳಿಕಾರ, ಕುರುಬ, ಮಾದಿಗ, ಪಾಂಚಾಲ ಇವರೇ ಮೊದಲಾದವರ ದುಡಿಮೆಯಲ್ಲಿ. ಅರಸರಲ್ಲಿ ಯಾರು ಹೆಚ್ಚು ಎಂದು ಕಾದಾಡುವವರು ಇವರೆಲ್ಲರನ್ನೂ ಒಮ್ಮೆಗೇ ಮರೆಸುತ್ತಾರೆ.

ಎರಡನೆಯ ಪಕ್ಷವು ಇದಕ್ಕಿಂತ ಅಪಾಯಕರವಾದುದು. ‘ಕಾವಲು ಬಂಜರು; ಅಲ್ಲಿ ಹುಲ್ಲು ಹೊರತು ಏನಿದೆ?’ ಎನ್ನುವರು. ‘ಏನಿದೆ’ ಎಂಬ ಪ್ರಶ್ನೆಗೆ ಉತ್ತರವು ಆ ವಾಕ್ಯದಲ್ಲಿಯೇ ಇದೆ: ಹುಲ್ಲಿದೆ. ಭತ್ತವಿರುವ ಗದ್ದೆಯನ್ನು ‘ಭತ್ತ ಹೊರತು ಏನಿದೆ?’ ಎಂದು ಯಾರೂ ಕೇಳುವುದಿಲ್ಲವಷ್ಟೆ. ಬಂಜರೆಂಬ ಮಾತು ಭೂಮಿಯ ಗುಣವನ್ನು ಹೇಳುವುದಿಲ್ಲ. ಕಂದಾಯದ ಪುಸ್ತಕದ ಗುಣವನ್ನು ಹೇಳುತ್ತದೆ. ಯಾವ ನೆಲದಿಂದ ಬೊಕ್ಕಸಕ್ಕೆ ಹಣ ಬಾರದೋ ಅದು ಖರಾಬು. ಇಂಗ್ಲೆಂಡಿನಲ್ಲಿಯೂ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಊರೊಟ್ಟಿನ ಹುಲ್ಲುಗಾವಲುಗಳನ್ನು ಇದೇ ಬಗೆಯ ಮಾತಿನಿಂದ ಕರೆದು, ಶಾಸನಗಳ ಮೂಲಕ ಬೇಲಿ ಹಾಕಿಸಿ, ಬಡವರ ಹಸುವನ್ನು ಹೊರಗಟ್ಟಿದರು. ಅದೇ ಕಣ್ಣು ನಮ್ಮ ನೆಲವನ್ನೂ ನೋಡಿತು. ಆ ಕಣ್ಣು ನಮ್ಮದೇ ಆಗಿಬಿಟ್ಟಿರುವುದು ದುರದೃಷ್ಟ.

ನಮ್ಮ ಧರ್ಮಶಾಸ್ತ್ರಕ್ಕೆ ಈ ದೃಷ್ಟಿಯಿರಲಿಲ್ಲ. ಊರಿನ ಸುತ್ತಲೂ ನೂರು ಧನುಸ್ಸಿನಷ್ಟು ನೆಲವನ್ನು ಉಳದೆ ಬಿಡಬೇಕೆಂದೂ ಪಟ್ಟಣಕ್ಕೆ ಅದರ ಮೂರರಷ್ಟು ಬಿಡಬೇಕೆಂದೂ ಮನುವು ವಿಧಿಸಿದ್ದಾನೆ. ಬೇಲಿಯಿಲ್ಲದ ಬೆಳೆಯನ್ನು ಅಲ್ಲಿ ರಾಸು ತಿಂದರೆ ಕಾಯುವವನಿಗೆ ದಂಡವಿಲ್ಲ. ಯಾಜ್ಞವಲ್ಕ್ಯನ ಮತವೂ ಇದಕ್ಕೆ ಸಮೀಪವಾದುದು. ಶಾಸ್ತ್ರ ಹಳೆಯದಾಯಿತೆನ್ನುವವರಿಗೆ ಇಂದಿನ ಶಾಸನವನ್ನೇ ತೋರಿಸುವೆನು. ೧೯೬೪ರ ಭೂಕಂದಾಯ ಅಧಿನಿಯಮವನ್ನನುಸರಿಸಿ ೧೯೬೬ರಲ್ಲಿ ಮಾಡಿದ ನಿಯಮಗಳಲ್ಲಿ, ಪ್ರತಿ ನೂರು ರಾಸುಗಳಿಗೆ ಹನ್ನೆರಡು ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ, ಉಚಿತವಾದ ಮೇವಿನ ನೆಲವಿರಬೇಕೆಂದು ಬರೆದಿದೆ. ಧರ್ಮಶಾಸ್ತ್ರದ ವಿಧಿಯೂ ಹುಕುಂನಾಮೆಯ ಕಟ್ಟಳೆಯೂ ಗಣರಾಜ್ಯದ ನಿಯಮವೂ ಒಂದೇ ಮಾತನ್ನು ಹೇಳುತ್ತಿರುವಾಗ, ಗೋಮಾಳವನ್ನು ಬಂಜರೆನ್ನುವವರು ಯಾವ ಪ್ರಮಾಣವನ್ನು ಹಿಡಿದು ಹೇಳುತ್ತಾರೆ?

ನಡೆದುದಾದರೋ ಬೇರೆ. ಅಮೃತಮಹಲಿನ ಕಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗಳನ್ನು ಮೀರಿದ್ದುವು. ಇಂದು ಒಂದು ಲಕ್ಷವೂ ಉಳಿದಿಲ್ಲ. ಕಳೆದ ಶತಮಾನದ ನಾಲ್ವತ್ತರ ದಶಕದಲ್ಲಿ ಆಹಾರವನ್ನು ಹೆಚ್ಚು ಬೆಳೆಯಿರೆಂಬ ಘೋಷಣೆಯ ಕಾಲಕ್ಕೆ ಕೆಲವು ಹೋದುವು. ಅನಂತರ ಹಂಚಿಕೆಯಲ್ಲಿ ಕೆಲವು, ಒತ್ತುವರಿಯಲ್ಲಿ ಕೆಲವು ಹೋದುವು. ೧೯೯೧ರಿಂದೀಚೆಗೆ ಬಗರ್ ಹುಕುಂ ಸಾಗುವಳಿಯ ಸಕ್ರಮದಲ್ಲಿ ಗೋಮಾಳಗಳೂ ಕರಗಿದುವು. ೨೦೦೯ರ ಸುಮಾರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಸಂದಿತು. ಕುರಿಕಂಬಳಿಗಳನ್ನು ನಂಬಿ ಬದುಕುತ್ತಿದ್ದ ಅಲ್ಲಿಯ ಜನರ ದೂರು ಹಸಿರು ನ್ಯಾಯಪೀಠದ ವರೆಗೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳುವವನಲ್ಲ. ಆದರೆ ಜನರು ಪೀಳಿಗೆಗಳಿಂದ ಮೇಯಿಸುತ್ತಿದ್ದ ನೆಲವನ್ನು ‘ಖಾಲಿ’ ಎಂದು ಬರೆದವರ ಲೇಖನಿಯು ಸತ್ಯವನ್ನು ಬರೆಯಲಿಲ್ಲವೆಂದು ಹೇಳಲೇಬೇಕು. ಕೃಷ್ಣಮೃಗವು ಕುಪ್ಪಳಿಸುವುದೂ ಈ ‘ಖಾಲಿ’ ನೆಲದಲ್ಲಿಯೇ. ೨೦೧೧ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಸಂರಕ್ಷಿತ ಪ್ರದೇಶವೆಂದು ಸಾರಿದುದೇ ಈ ನೆಲದಲ್ಲಿ ಜೀವವಿದೆಯೆಂಬುದಕ್ಕೆ ಸರ್ಕಾರದ ಒಪ್ಪಿಗೆಯಲ್ಲವೆ?

ಇಲ್ಲಿ ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ‘ಭೂಮಿಯಿಲ್ಲದ ಬಡವನಿಗೆ ಎರಡು ಎಕರೆ ಸಿಕ್ಕಿದರೆ ತಮಗೇಕೆ ಹೊಟ್ಟೆಯುರಿ?’ ಎಂಬುದು ಆ ಆಕ್ಷೇಪ. ಇದು ಸಣ್ಣ ಮಾತಲ್ಲ. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿ ೧೯೭೪ರಲ್ಲಿ ಉಳುವವನಿಗೇ ಭೂಮಿಯೆಂಬ ಶಾಸನವನ್ನು ಬಲಪಡಿಸಿದರು. ಆ ಕಾರ್ಯವನ್ನು ಯಾವ ವಿವೇಕಿಯೂ ಅಲ್ಲಗಳೆಯನು. ಆದರೆ ಅದು ಗೇಣಿಯ ಒಡೆಯನಿಂದ ಗೇಣಿದಾರನಿಗೆ ಕೊಟ್ಟುದು. ಗೋಮಾಳವನ್ನು ಹಂಚುವುದೆಂದರೆ ಒಬ್ಬ ಬಡವನಿಂದ ಕಿತ್ತು ಇನ್ನೊಬ್ಬ ಬಡವನಿಗೆ ಕೊಡುವುದು. ಎರಡು ಕುರಿ ಒಂದು ಹಸುವನ್ನು ಕಟ್ಟಿಕೊಂಡ ವಿಧವೆಗೆ ಹೊಲವೆಲ್ಲಿ? ಊರೊಟ್ಟಿನ ಹುಲ್ಲೇ ಅವಳ ಹೊಲ. ಹಂಚಿದ ಎರಡು ಎಕರೆಯಾದರೂ ಬಡವನಲ್ಲಿ ಉಳಿಯಿತೆ? ಎಷ್ಟು ಊರುಗಳಲ್ಲಿ ಅದು ಕೈಯಿಂದ ಕೈಗೆ ದಾಟಿ ಬಲಿಷ್ಠನ ಬೇಲಿಯೊಳಗೆ ಸೇರಿತೆಂಬುದನ್ನು ಊರವರೇ ಬಲ್ಲರು. ಬಡವನಿಗೆ ಭೂಮಿ ಬೇಕು. ಅದು ಬಡವರೆಲ್ಲರ ಪಾಲಿನ ಹುಲ್ಲುಗಾವಲಿನಿಂದ ಬರಬಾರದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಸಂಕಟವು ಇಮ್ಮಡಿ. ಹುಣಸೂರು ಪಿರಿಯಾಪಟ್ಟಣಗಳ ಹೊಲಗಳನ್ನು ಹೊಗೆಸೊಪ್ಪು ಆವರಿಸಿದೆ. ಹೊಗೆಸೊಪ್ಪಿನಲ್ಲಿ ರಾಸು ಬಾಯಾಡುವುದಕ್ಕೆ ಏನೂ ಇಲ್ಲ; ರಾಗಿಯಂತೆ ಅದು ಹುಲ್ಲಿನ ಮೆದೆಯನ್ನು ಕೊಡುವುದಿಲ್ಲ. ಹೆಗ್ಗಡದೇವನಕೋಟೆಯಲ್ಲಿ ೧೯೭೪ರಲ್ಲಿ ಮುಗಿದ ಕಬಿನಿಯ ಅಣೆಕಟ್ಟೆಯು ಊರುಗಳನ್ನೂ ಕಾಡನ್ನೂ ಮುಳುಗಿಸಿತು. ೧೯೭೨ರ ವನ್ಯಜೀವಿ ಶಾಸನದಿಂದೀಚೆಗೆ ರಾಷ್ಟ್ರೀಯ ಉದ್ಯಾನಗಳೊಳಗೆ ರಾಸು ಮೇಯಿಸುವುದು ನಿಷಿದ್ಧವಾಯಿತು. ಕಾಡನ್ನು ಕಾಪಾಡಬೇಕೆಂಬುದರಲ್ಲಿ ನನಗೆ ವಿವಾದವಿಲ್ಲ. ಊರಿನ ರಾಸುಗಳಿಂದ ಕಾಡಿನ ಮೃಗಗಳಿಗೆ ರೋಗವು ತಗಲುವುದೂ ನಿಜ. ಆದರೆ ಕಾಡಿನ ಬಾಗಿಲನ್ನು ಮುಚ್ಚಿದ ಸರ್ಕಾರವೇ ಊರಿನ ಗೋಮಾಳವನ್ನೂ ಹಂಚಿಬಿಟ್ಟರೆ ರಾಸು ಎಲ್ಲಿ ಮೇಯಬೇಕು? ಮೊದಲನೆಯದನ್ನು ಮಾಡುವವರಿಗೆ ಎರಡನೆಯದನ್ನು ಮಾಡುವ ಅಧಿಕಾರವಿರಬಾರದು. ಕಾಡಂಚಿನ ಊರಿಗೆ ಹುಲ್ಲುಗಾವಲನ್ನು ಉಳಿಸುವುದೇ ಕಾಡನ್ನು ಉಳಿಸುವ ಉಪಾಯ. ಇದನ್ನು ಅರಣ್ಯದವರೂ ಕಂದಾಯದವರೂ ಒಟ್ಟಿಗೆ ಕುಳಿತು ಯೋಚಿಸಿದ್ದಾರೆಯೆ?

ಮೂರನೆಯ ಪಕ್ಷಕ್ಕೆ ಬರೋಣ. ‘ಟ್ರಾಕ್ಟರು ಬಂದಿದೆ, ಎತ್ತು ಏಕೆ? ಸೀಮೆಹಸು ಕೊಡವಷ್ಟು ಹಾಲು ಕೊಡುತ್ತದೆ, ಈ ಬಡಕಲು ಹಸು ಏಕೆ?’ ಎಂಬುದೇ ಆ ಪಕ್ಷ. ಇದಕ್ಕೆ ಚರಿತ್ರೆಯೇ ಒಂದು ಪಾಠವನ್ನು ಇಟ್ಟಿದೆ. ೧೮೬೦ರಲ್ಲಿ ಮದರಾಸು ಸರ್ಕಾರವು ಮಿತವ್ಯಯದ ಹೆಸರಿನಲ್ಲಿ ಅಮೃತಮಹಲನ್ನು ಮುರಿದು ಮಂದೆಗಳನ್ನು ಮಾರಿಬಿಟ್ಟಿತು. ಲೆಕ್ಕದಲ್ಲಿ ಉಳಿತಾಯ ಕಂಡಿತು. ಆದರೆ ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಯಾವ ಬೆಲೆಗೂ ಸಿಕ್ಕದೆ, ೧೮೬೬ರಲ್ಲಿ ಬೌರಿಂಗರು ಕಮಿಷನರಾಗಿದ್ದಾಗ ಅದನ್ನು ಮತ್ತೆ ಕಟ್ಟಬೇಕಾಯಿತು. ಆರು ವರ್ಷಗಳ ಉಳಿತಾಯಕ್ಕೆ ಇನ್ನೂರು ವರ್ಷಗಳ ಆಯ್ಕೆಯನ್ನು ಪಣವಿಟ್ಟವರು ಪಟ್ಟ ಪಶ್ಚಾತ್ತಾಪವಿದು. ಅಂದು ಚದರಿದ ರಾಸುಗಳಲ್ಲಿ ಕೆಲವಾದರೂ ನಾಡಿನಲ್ಲಿ ಉಳಿದಿದ್ದುದರಿಂದ ಮತ್ತೆ ಕೂಡಿಸಲಾಯಿತು. ಇನ್ನೊಮ್ಮೆ ಚದರಿದರೆ ಎಲ್ಲಿಂದ ತರುವಿರಿ?

ಆ ಎತ್ತಿನಿಂದ ಇಂದು ಪ್ರಯೋಜನವಿಲ್ಲವೆಂಬುದೂ ಸುಳ್ಳು. ಬಂಡೀಪುರದ ಕಾಡಂಚಿನ ಊರುಗಳಿಂದ ಸಗಣಿಗೊಬ್ಬರವು ಕೊಡಗಿನ ಮತ್ತು ವಯನಾಡಿನ ತೋಟಗಳಿಗೆ ಹೋಗುತ್ತಿರುವುದು ಸುಳ್ಳೆ? ಸಂಕ್ರಾಂತಿಯ ವೇಳೆಗೆ ಕಾವೇರಿಯ ದಡದ ಚುಂಚನಕಟ್ಟೆಯ ಜಾತ್ರೆಯಲ್ಲಿ ಹಳ್ಳಿಕಾರ ಜೋಡಿಗಳಿಗೆ ರೈತರು ಕೊಡುತ್ತಿರುವ ಬೆಲೆಯನ್ನು ಯಾರಾದರೂ ಹೋಗಿ ಕೇಳಲಿ. ೨೦೦೦ರಲ್ಲಿ ಅಂಚೆ ಇಲಾಖೆಯು ದೇಶದ ನಾಲ್ಕು ಗೋತಳಿಗಳ ಚಿತ್ರಗಳನ್ನು ಅಂಚೆಚೀಟಿಗಳಲ್ಲಿ ಅಚ್ಚುಹಾಕಿಸಿದಾಗ ಹಳ್ಳಿಕಾರವೂ ಅವುಗಳಲ್ಲಿ ಒಂದಾಗಿತ್ತು. ಬರಗಾಲದಲ್ಲಿ ಒಣಹುಲ್ಲನ್ನೇ ತಿಂದು ಬಿಸಿಲನ್ನು ಸಹಿಸಿ ನಿಲ್ಲುವ ಗುಣವನ್ನು ಯಂತ್ರವೂ ಕೊಡದು, ಸೀಮೆಹಸುವೂ ಕೊಡದು. ಮಳೆಯ ಕ್ರಮ ಕೆಡುತ್ತಿರುವ ಈ ದಿನಗಳಲ್ಲಿ ಇಂಥ ಗುಣವನ್ನು ಕೈಯಾರೆ ಕಳೆದುಕೊಳ್ಳುವುದು ಬುದ್ಧಿವಂತಿಕೆಯೆ? ಅಜ್ಜಂಪುರದ ತಳಿಕೇಂದ್ರವು ಒಂದು ಇಲಾಖೆಯ ಶಕ್ತಿಯಿದ್ದಷ್ಟು ಕಾಪಾಡೀತು. ತಳಿಯನ್ನು ಕಾಪಾಡುವುದು ಕೊಟ್ಟಿಗೆಯಲ್ಲ, ಬಯಲು.

ಹಾಗಾದರೆ ಮಾಡತಕ್ಕದ್ದೇನು? ಸರ್ಕಾರಕ್ಕೆ ಮನವಿ ಬರೆದು ಸುಮ್ಮನಿರುವುದು ನಮ್ಮಂಥವರ ರೂಢಿ. ಅದು ಸಾಲದು. ಮೊದಲನೆಯದಾಗಿ, ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ಓದು ಬಲ್ಲವರು ಎದ್ದು ನಿಂತು, ‘ನಮ್ಮ ಊರಿನ ಗೋಮಾಳದ ಸರ್ವೆ ನಂಬರು ಯಾವುದು, ವಿಸ್ತೀರ್ಣವೆಷ್ಟು, ರಾಸುಗಳ ಸಂಖ್ಯೆಯೆಷ್ಟು, ನಿಯಮದಂತೆ ಇರಬೇಕಾದುದೆಷ್ಟು, ಇರುವುದೆಷ್ಟು?’ ಎಂಬ ಐದು ಪ್ರಶ್ನೆಗಳನ್ನು ಕೇಳಬೇಕು. ಉತ್ತರವನ್ನು ಬರೆಹದಲ್ಲಿ ಪಡೆಯಬೇಕು. ಎರಡನೆಯದಾಗಿ, ನಮ್ಮ ಸಾಹಿತ್ಯಸಂಘವು ಅರಸರ ಕಾವ್ಯಗಳನ್ನು ಸಂಪಾದಿಸುವ ಶ್ರದ್ಧೆಯಿಂದಲೇ ಮಂದೆಯ ಮಾತುಗಳನ್ನೂ ಸಂಗ್ರಹಿಸಬೇಕು. ರಾಸುಗಳ ಬಣ್ಣಕ್ಕೆ, ಕೊಂಬಿಗೆ, ಸುಳಿಗೆ, ನಡಗೆಗೆ, ರೋಗಕ್ಕೆ, ಹುಲ್ಲಿನ ಜಾತಿಗಳಿಗೆ ನಮ್ಮ ಹಿರಿಯ ಗೋಪಾಲಕರಲ್ಲಿ ಇರುವ ಪದಗಳು ನಿಘಂಟುಗಳಲ್ಲಿ ಎಷ್ಟಿವೆ? ಆ ಮುದುಕರು ಇನ್ನೆಷ್ಟು ವರ್ಷ ಇರುವರು? ಮೂರನೆಯದಾಗಿ, ಹುಣಸೂರಿನಲ್ಲಿ ಅಮೃತಮಹಲಿನ ನೆನಪಿಗೆ ಒಂದು ಕಲ್ಲನ್ನು ನಿಲ್ಲಿಸಬೇಕು. ತುರುಗಳನ್ನು ಬಿಡಿಸುವುದಕ್ಕಾಗಿ ಪ್ರಾಣವನ್ನು ಕೊಟ್ಟ ಸಾಮಾನ್ಯನಿಗೆ ವೀರಗಲ್ಲನ್ನು ನೆಡುವುದು ಕನ್ನಡನಾಡಿನ ಹಳೆಯ ಮರ್ಯಾದೆ. ಈ ಕಲ್ಲಿನಲ್ಲಿ ಅರಸರ ಹೆಸರುಗಳು ಬೇಡ, ಅವು ಬೇರೆ ಕಲ್ಲುಗಳಲ್ಲಿವೆ. ಗೊಲ್ಲರ, ಹಳ್ಳಿಕಾರರ, ತೊಗಲುಗಾರರ, ಗಾಡಿಗಾರರ, ಕಂಬಳಿಗಾರರ ಹೆಸರಿರಲಿ.

ವಿಶ್ವಸಂಸ್ಥೆಯು ೨೦೨೬ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಜಗತ್ತು ಇಂದು ಕಲಿಯಹೊರಟಿರುವ ಪಾಠವನ್ನು ನಮ್ಮ ಊರುಗಳು ಬಹುಕಾಲದಿಂದ ನಡೆಸಿಕೊಂಡು ಬಂದುವು. ಕಾವಲು ಎಂಬ ಮಾತಿಗೆ ಕಾಯುವುದೆಂದು ಅರ್ಥ. ಹುಲ್ಲನ್ನು ಊರು ಕಾಯಿತು, ರಾಸನ್ನು ಹುಲ್ಲು ಕಾಯಿತು, ರಾಜ್ಯವನ್ನು ರಾಸು ಕಾಯಿತು. ಈಗ ಕಾಯುವ ಸರದಿ ನಮ್ಮದು. ಅದನ್ನು ಬಂಜರೆಂದು ಬರೆಯುವ ಲೇಖನಿಗೆ ಎದುರಾಗಿ ನಿಲ್ಲಲು ಲೇಖನಿಯನ್ನು ಹಿಡಿದ ನಾವೇ ಹಿಂಜರಿದರೆ, ಬಂಜರೆಂಬ ಹೆಸರು ಸಲ್ಲತಕ್ಕದ್ದು ಆ ನೆಲಕ್ಕಲ್ಲ, ನಮ್ಮ ವಿದ್ಯೆಗೆ.